ಆಫೀಸಿನ ಗಾಜು, ಮನೆಯ ಕಿಟಕಿ

ಹೈದರಾಬಾದಿನ ಪಶ್ಚಿಮ ಭಾಗದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಗಾಜು ಹೊಸದೇನಲ್ಲ. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಶುರುವಾಯಿತು. ಅಲ್ಲಿಂದ ಮುಂದೆ ಗಚ್ಚಿಬೌಲಿ, ನಾನಕ್‌ರಾಮ್‌ಗುಡಾದವರೆಗೆ ಎದ್ದು ನಿಂತ ಕಟ್ಟಡಗಳಿಗೆಲ್ಲ ಗಾಜಿನದೇ ಮೈ. ಹಗಲಿನ ಒಂಬತ್ತು ಹತ್ತು ತಾಸು ನಾವು ಅದರೊಳಗೇ ಇರುತ್ತೇವೆ. ಈಚೆಗೆ ಆ ಗಾಜು ಮನೆಗಳ ಕಡೆಗೂ ಹೊರಟಿದೆ. ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ಈಜುಕೊಳ, ಜಿಮ್ ಜೊತೆಗೆ 'ಡಬಲ್ ಗ್ಲೇಜ್ಡ್ ಕಿಟಕಿ' ಅನ್ನುವುದೂ ಸೇರಿಕೊಂಡಿದೆ. ಹಳೇ ಫ್ಲಾಟಿನವರು ಇರುವ ಕಿಟಕಿ ಕಿತ್ತು ಅದನ್ನೇ ಹಾಕಿಸುತ್ತಿದ್ದಾರೆ. ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲೂ 'ಹಾಕಿಸೋದಾ ಬೇಡವಾ' ಎಂಬ ಚರ್ಚೆ ತಿಂಗಳಿಗೊಮ್ಮೆಯಾದರೂ ಬರುತ್ತದೆ.

ಈ ವರ್ಷ ಆ ಪ್ರಶ್ನೆಗೆ ನಾನೂ ಉತ್ತರ ಹುಡುಕಬೇಕಾಯಿತು. ಫೆಬ್ರವರಿಯಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ರಾಯಚೂರಿಗೆ ವಾಪಸ್ ಹೋಗುವ ಮುನ್ನ ಕೆಲವು ತಿಂಗಳು ಇಲ್ಲೇ, ಆಸ್ಪತ್ರೆಗೆ ಹತ್ತಿರ ಇರಲಿ ಅಂದರು. ಚೆನ್ನಾಗಿ ನಿದ್ದೆ ಮಾಡಬೇಕು, ಭಾರ ಎತ್ತಬಾರದು, ಎದೆಗೆ ಹೊರೆ ಬೀಳುವ ಹಾಗೆ ಏನನ್ನೂ ತಳ್ಳಬಾರದು ಎಂದು ಡಾಕ್ಟರ ಅಪ್ಪಣೆ. ನಮ್ಮ ಮನೆಯಲ್ಲಿ ಅಪ್ಪ ಅಮ್ಮನಿಗೆ ಕೊಡಬಹುದಾದ ಕೋಣೆ ಒಂದೇ. ಅದಕ್ಕೆ ಎರಡು ಕಿಟಕಿ. ಉತ್ತರದ್ದು ದೊಡ್ಡ ರಸ್ತೆಯ ಕಡೆ. ರಾತ್ರಿ ಹನ್ನೊಂದರ ಮೇಲೆ ಅಲ್ಲಿ ಲಾರಿಗಳ ಸಾಲು. ಪಶ್ಚಿಮದ್ದು ಪಕ್ಕದ ಬ್ಲಾಕಿನ ಕಡೆ. ರಸ್ತೆಯ ಗದ್ದಲ ಅಲ್ಲಿ ಕಡಿಮೆ, ಆದರೆ ಮಧ್ಯಾಹ್ನ ಮೂರರಿಂದ ಆರೂವರೆಯವರೆಗೆ ಬಿಸಿಲು ನೇರ ಹಾಸಿಗೆಯ ಮೇಲೆ. ಅಪ್ಪ ರಾತ್ರಿ ಎರಡು ತಾಸು ಮಲಗಿದರೆ ಹೆಚ್ಚು ಅನ್ನುವಂತಾಗಿತ್ತು.

ಕಿಟಕಿ ಮಾಡುವ ಕಂಪನಿಯೊಂದರಿಂದ ಒಬ್ಬರು ಬಂದು ಅಳತೆ ತೆಗೆದುಕೊಂಡರು. ಅವರದು ಹೈದರಾಬಾದಿ ಹಿಂದಿ. ಸಾರಾಂಶ ಇಷ್ಟು: "ಸಾರ್, ನಿಮ್ಮ ಆಫೀಸಿಗೆ ಹಾಕಿರೋದೂ ಇದೇ ಗಾಜು. ಕಮರ್ಷಿಯಲ್ ಗ್ರೇಡ್. ಸದ್ದೂ ಬರಲ್ಲ, ಬಿಸಿಲೂ ಬರಲ್ಲ." ಎರಡು ಕಿಟಕಿಗೂ ಒಂದೇ ಗಾಜು. ಪಶ್ಚಿಮದ್ದನ್ನಂತೂ ತೆರೆಯದ ಹಾಗೆ ಫಿಕ್ಸ್ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು, ಖರ್ಚೂ ಕಡಿಮೆ ಎಂದರು. ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. "ಕಿಡಕಿ ಮುಚ್ಚಿ ಗ್ಲಾಸ್ ಹಾಕಿದ್ರ ಗಾಳಿ ಎಲ್ಲಿಂದ ಬರ್ಬೇಕಪಾ? ಮೀನಿನ ತೊಟ್ಟ್ಯಾಗ ಕುಂತಂಗ ಆಗ್ತೈತಿ" ಅಂದಳು. ಬಂದವರಿಗೆ ಕನ್ನಡ ತಿಳಿಯಲಿಲ್ಲ, ನಕ್ಕರು. ಆದರೆ ಆಫೀಸಿನ ಗಾಜಿಗೂ ಮನೆಯ ಗಾಜಿಗೂ ಇರುವ ಮುಖ್ಯ ವ್ಯತ್ಯಾಸ ಅಮ್ಮನ ಆ ಮಾತಿನಲ್ಲೇ ಇತ್ತು. ನಾನು ಅದನ್ನು ಅಂಕಿ ಅಂಶ ಹಿಡಿದು ಸುತ್ತಿ ಬರಲು ಎರಡು ವಾರ ಹಿಡಿಯಿತು.

ವಸ್ತುವೇನೋ ಒಂದೇ. ಎರಡು ಗಾಜಿನ ಹಾಳೆ, ನಡುವೆ ಸಾಮಾನ್ಯವಾಗಿ 12 ಮಿಲಿಮೀಟರ್ ಸಂದು. ಸಂದಿನ ಅಂಚಿನಲ್ಲಿ ಸುತ್ತಲೂ ಅಲ್ಯೂಮಿನಿಯಂ ಪಟ್ಟಿ. ಆ ಪಟ್ಟಿಯ ಒಳಗೆ ತೇವ ಹೀರುವ ಸಣ್ಣ ಮಣಿಗಳು. ಹೊರಗಿನ ಗಾಳಿ, ತೇವ ಒಳಬರದಂತೆ ಎರಡು ಪದರ ಅಂಟು. ಒಳಗೆ ಸಿಕ್ಕಿಕೊಂಡ ಅಲುಗಾಡದ ಒಣ ಗಾಳಿ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಇಡೀ ಉಪಾಯ ಅಷ್ಟೇ. ಅಂಟು ಬಿಟ್ಟುಕೊಂಡರೆ ಒಳಗೆ ಮಂಜು ಕಟ್ಟುತ್ತದೆ. ಅದನ್ನು ಯಾವ ಬಟ್ಟೆಯಿಂದಲೂ ಒರೆಸಲು ಆಗುವುದಿಲ್ಲ, ಇಡೀ ತುಂಡನ್ನೇ ಬದಲಿಸಬೇಕು.

ಇದಕ್ಕೆ ಮೊದಲ ಪೇಟೆಂಟ್ ಪಡೆದವರು ಅಮೆರಿಕದ ಥಾಮಸ್ ಸ್ಟೆಟ್ಸನ್, 1865ರಲ್ಲಿ. ಇದು ಬೆಳೆದದ್ದು ಚಳಿಯ ದೇಶಗಳ ಮನೆಗಳಿಗಾಗಿ. ಒಲೆಯಿಂದ, ಹೀಟರಿನಿಂದ ಹುಟ್ಟಿದ ಶಾಖ ಕಿಟಕಿಯಿಂದ ಸೋರಿ ಹೋಗಬಾರದು, ಹಗಲಿನ ಬಿಸಿಲು ಮಾತ್ರ ಒಳಗೆ ಬರಬೇಕು ಎಂಬುದು ಅಲ್ಲಿನವರ ಆಸೆ. ನಮ್ಮ ಕಡೆಯ ಆಫೀಸಿನ ಆಸೆ ನೇರ ತಿರುಗಾಮುರುಗಾ. ಗಾಜಿನ ಮುಖಗಳಿಗೆ ಹೊರಗಿನಿಂದ ಒಳಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ನಂಬರ್ ಕೊಡುತ್ತಾರೆ. ಶಾಖವನ್ನು ತಡೆಯುವ ಲೋ-ಇ ಎಂಬ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಇರುತ್ತದಲ್ಲ, ಅದು ಚಳಿಯ ದೇಶದ ಮನೆಗಳಲ್ಲಿ ಸಾಮಾನ್ಯವಾಗಿ ಮೂರನೇ ಮುಖದ ಮೇಲೆ, ಅಂದರೆ ಒಳಗಿನ ಹಾಳೆಯ ಹೊರಮುಖಕ್ಕೆ ಬರುತ್ತದೆ. ಬಿಸಿಲಿನ ಊರಿನ ಆಫೀಸುಗಳಲ್ಲಿ ಎರಡನೇ ಮುಖಕ್ಕೆ, ಅಂದರೆ ಹೊರಗಿನ ಹಾಳೆಯ ಒಳಮೈಗೆ. ಬಿಸಿಲಿನ ಶಾಖ ಎರಡನೇ ಹಾಳೆಗೆ ಮುಟ್ಟುವ ಮೊದಲೇ ತಡೆ ಸಿಗಲಿ ಎಂದು. ಲೇಪ ಯಾವ ಮುಖಕ್ಕೆ ಎಂದು ಬಂದವರನ್ನು ಕೇಳಿದೆ. "ಒಳಗಡೆ ಇರುತ್ತೆ ಸಾರ್" ಎಂದರು. ಹಾಗೆ ನೋಡಿದರೆ ಎರಡೂ ಒಳಗಡೆಯೇ!

ಗಾಜಿನ ಕಾಗದಪತ್ರದಲ್ಲಿ ಎರಡು ಸಂಖ್ಯೆ ನೋಡಬೇಕು. ಯು-ವ್ಯಾಲ್ಯೂ ಅಂದರೆ ಒಳಗಿನ ಹೊರಗಿನ ಉಷ್ಣಾಂಶದ ವ್ಯತ್ಯಾಸದಿಂದ ಎಷ್ಟು ಶಾಖ ಗಾಜಿನ ಮೂಲಕ ದಾಟುತ್ತದೆ ಎಂಬ ಲೆಕ್ಕ. ಒಂಟಿ ಗಾಜಿಗೆ ಅದು ಸುಮಾರು 5.7, ಲೇಪವಿಲ್ಲದ ಜೋಡಿ ಗಾಜಿಗೆ ಸುಮಾರು 2.8. ಅರ್ಧಕ್ಕೆ ಇಳಿಯಿತು ಎಂದು ಮಾರುವವರು ಹೇಳುವುದು ಇದನ್ನೇ, ನಿಜವೂ ಹೌದು. ಇನ್ನೊಂದು ಎಸ್‌ಎಚ್‌ಜಿಸಿ: ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಸಾದಾ ಒಂಟಿ ಗಾಜಿಗೆ ಇದು ಸುಮಾರು 0.8, ಸಾದಾ ಜೋಡಿ ಗಾಜಿಗೆ ಸುಮಾರು 0.7. ಅಂದರೆ ಬಿಸಿಲಿನ ವಿಷಯಕ್ಕೆ ಬಂದಾಗ ಎರಡನೇ ಹಾಳೆಯಿಂದ ಸಿಕ್ಕಿದ್ದು ಬಹಳ ಕಮ್ಮಿ.

ನಮ್ಮ ಪಶ್ಚಿಮದ ಕಿಟಕಿ 1.5 ಮೀಟರ್ ಅಗಲ, 1.2 ಮೀಟರ್ ಎತ್ತರ. ಮೇ ತಿಂಗಳ ಸಂಜೆ ಅದರ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತದೆ ಎಂದು ಹಿಡಿಯೋಣ. ಹೊರಗೆ 40 ಡಿಗ್ರಿ, ಒಳಗೆ ಏಸಿ ಹಾಕಿ 26. ಒಂಟಿ ಗಾಜಿನಲ್ಲಿ ಉಷ್ಣಾಂಶದ ವ್ಯತ್ಯಾಸದಿಂದ ಒಳಬರುವುದು ಸುಮಾರು 145 ವ್ಯಾಟ್. ಬಿಸಿಲಿನಿಂದ ಬರುವುದು 860 ವ್ಯಾಟಿನಷ್ಟು. ಸಾದಾ ಜೋಡಿ ಗಾಜು ಹಾಕಿದರೆ ಮೊದಲನೆಯದರಲ್ಲಿ 70 ವ್ಯಾಟಿನಷ್ಟು ಉಳಿಯುತ್ತದೆ, ಎರಡನೆಯದರಲ್ಲಿ ನೂರರ ಮೇಲೆ ಸ್ವಲ್ಪ. ಆಮೇಲೂ ಮುಕ್ಕಾಲು ಕಿಲೋವ್ಯಾಟ್ ಬಿಸಿಲು ಅಪ್ಪನ ಹಾಸಿಗೆಗೇ. ಅದನ್ನು ತಡೆಯುವುದು ಎರಡನೇ ಹಾಳೆಯಲ್ಲ, ಲೇಪ. ಆ ಲೇಪವೇ ಆಫೀಸಿನ ಗಾಜಿನ ಜೀವ.

ಆಫೀಸಿಗೆ ಅದು ಯಾಕೆ ಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ. ಒಂದು ಮಹಡಿಯಲ್ಲಿ ನೂರಾರು ಜನ, ಅಷ್ಟೇ ಕಂಪ್ಯೂಟರು, ದೀಪಗಳು. ಜನವರಿಯಲ್ಲೂ ಒಳಗೆ ತಂಪು ಮಾಡಲೇಬೇಕು. ಕಿಟಕಿ ತೆರೆಯುವ ಪ್ರಶ್ನೆಯೇ ಇಲ್ಲ. ಕಟ್ಟಡ ಬಿಸಿಲಲ್ಲಿ ನಿಂತಿರುವ ಹೊತ್ತಿಗೇ ಒಳಗೆ ಜನ ತುಂಬಿರುತ್ತಾರೆ. ಹಾಗಾಗಿ ವಾಣಿಜ್ಯ ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ 2017ರಲ್ಲಿ ತಂದ ಸಂಹಿತೆ ಹೈದರಾಬಾದಿನಂಥ ಊರಿಗೆ ಉತ್ತರ ಬಿಟ್ಟು ಉಳಿದ ದಿಕ್ಕಿನ ಗಾಜಿಗೆ ಎಸ್‌ಎಚ್‌ಜಿಸಿ 0.27 ಮೀರಬಾರದು ಎನ್ನುತ್ತದೆ. ಗೋಡೆಯಲ್ಲಿ ಗಾಜಿನ ಪಾಲು ಶೇಕಡ 40 ದಾಟಬಾರದು ಎಂದೂ ಹೇಳುತ್ತದೆ. ಆಫೀಸಿನ ಗಾಜಿಗೆ ಕೇಳುವ ಪ್ರಶ್ನೆ ಒಂದೇ: ಎಷ್ಟು ಕಡಿಮೆ ಒಳಗೆ ಬಿಡುತ್ತೀಯ?

ಮನೆಗಳಿಗೆ 2018ರಲ್ಲಿ ಬೇರೆಯದೇ ಸಂಹಿತೆ ಬಂತು, ಹೆಸರು ಇಕೋ-ನಿವಾಸ್ ಸಂಹಿತಾ. ಅದೂ ಗೋಡೆ ಕಿಟಕಿ ಸೇರಿ ಒಳಬರುವ ಶಾಖಕ್ಕೆ ಮಿತಿ ಹಾಕುತ್ತದೆ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ನಿಯಮದ ಮೇಲೆ. ನೆಲದ ವಿಸ್ತೀರ್ಣಕ್ಕೆ ಹೋಲಿಸಿದರೆ ತೆರೆಯಲು ಬರುವ ಕಿಟಕಿ ಬಾಗಿಲಿನ ಜಾಗ ಇಂತಿಷ್ಟಾದರೂ ಇರಲೇಬೇಕು! ಹೈದರಾಬಾದಿನ ಹವೆಗೆ ಶೇಕಡ 12.5. ಮುಂಬೈ, ಚೆನ್ನೈಯಂಥ ಸೆಕೆಯ ಊರುಗಳಿಗೆ ಶೇಕಡ 16.66. ಎರಡು ಕದದ ಸ್ಲೈಡಿಂಗ್ ಕಿಟಕಿಯಾದರೆ ಅರ್ಧ ಜಾಗವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಏಕೆಂದರೆ ಎಷ್ಟು ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಬಾಗಿಲಿನ ಹಾಗೆ ಪೂರ್ತಿ ತೆರೆಯುವ ಕಿಟಕಿಗೆ ಶೇಕಡ 90. ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದನ್ನೇ ಸರ್ಕಾರ ಅಂಕಿಯಲ್ಲಿ ಕೇಳಿದೆ.

ಈ ನಿಯಮ ಇಡೀ ಮನೆಯ ಲೆಕ್ಕ ಹಿಡಿಯುತ್ತದೆ. ಅಂದಾಜಿಗೆ ನಾನು ಅದನ್ನು ಅಪ್ಪನ ಕೋಣೆಗೆ ಹಾಕಿ ನೋಡಿದೆ. ನೆಲ 12 ಚದರ ಮೀಟರ್. ತೆರೆಯಲು ಬರಬೇಕಾದದ್ದು 1.5. ಇರುವ ಎರಡು ಸ್ಲೈಡಿಂಗ್ ಕಿಟಕಿಗಳಿಂದ 0.9 ಮತ್ತು 0.9, ಒಟ್ಟು 1.8. ಪಾಸು. ಬಂದವರು ಹೇಳಿದ ಹಾಗೆ ಪಶ್ಚಿಮದ್ದನ್ನು ಫಿಕ್ಸ್ ಮಾಡಿದರೆ ಉಳಿಯುವುದು ಬರೀ 0.9. ಮೀನಿನ ತೊಟ್ಟಿ.

ನಾನು ಬೆಳೆದದ್ದು ರಾಯಚೂರಿನ ಮಾಳಿಗೆ ಮನೆಯಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಬೆಳಕಿಂಡಿ. ಹಗಲೆಲ್ಲ ಮುಚ್ಚಿಡುವುದು, ಹೊತ್ತು ಮುಳುಗಿದ ಮೇಲೆ ಎಲ್ಲ ತೆರೆದು ಬಿಡುವುದು, ಆಮೇಲೆ ಹಾಸಿಗೆ ಹೊತ್ತು ಮಾಳಿಗೆ ಹತ್ತುವುದು. ಹಿಂದಿನವರೆಲ್ಲ ಬುದ್ಧಿವಂತರು ಎಂದು ಹೇಳಲು ಇದನ್ನು ತೆಗೆಯಲಿಲ್ಲ, ಆ ಮನೆಯಲ್ಲಿ ಓದಲು ಬೆಳಕೇ ಇರುತ್ತಿರಲಿಲ್ಲ. ಆದರೆ ಈ ದಖ್ಖನ್ ಪ್ರಸ್ಥಭೂಮಿಯಲ್ಲಿ ವರ್ಷದ ಬಹುಪಾಲು ರಾತ್ರಿ ಹೊರಗೆ ತಂಪಾಗುತ್ತದೆ. ಹಗಲು ಕಾದ ಗೋಡೆ ರಾತ್ರಿ ಒಳಕ್ಕೆ ಶಾಖ ಬಿಡುತ್ತದೆ. ಆಗ ಮುಚ್ಚಿದ ಜೋಡಿ ಗಾಜು ಆ ಶಾಖ ಹೊರಹೋಗದಂತೆ ಹಿಡಿಯುತ್ತದೆ. ಚಳಿಯ ದೇಶದ ಮನೆಗೆ ಅದು ಮಾಡುವ ಉಪಕಾರವನ್ನೇ ನಮಗೂ ಮಾಡುತ್ತದೆ, ನಮಗೆ ಬೇಡದ ಹೊತ್ತಿನಲ್ಲಿ. ಆಫೀಸಿಗೆ ಈ ತೊಂದರೆ ಹೆಚ್ಚು ತಟ್ಟುವುದಿಲ್ಲ. ರಾತ್ರಿ ಅಲ್ಲಿ ಜನ ಕಮ್ಮಿ, ಇದ್ದ ಕಡೆ ಏಸಿ ನಡೆದಿರುತ್ತದೆ.

ಇನ್ನು 'ಕಮರ್ಷಿಯಲ್ ಗ್ರೇಡ್' ಎಂಬ ಮಾತು. ಅದರ ಹಿಂದೆಯೂ ಹುರುಳಿದೆ, ಆದರೆ ಮನೆಗೆ ಬೇಕಾದ ಹುರುಳಲ್ಲ. ಎತ್ತರದ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಕಡೆ ಗಾಜಿಗೆ ಹೊರಗಿನಿಂದ ಚೌಕಟ್ಟು ಕಾಣುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟಿಗೆ ಗಾಜನ್ನು ಸಿಲಿಕೋನ್ ಅಂಟಿನಿಂದಲೇ ಹಿಡಿಸಿರುತ್ತಾರೆ. ಗಾಳಿಯ ಒತ್ತಡ ಪೂರ್ತಿ ಆ ಅಂಟು ಹೊರಬೇಕು. ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ನಮ್ಮ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಹೈದರಾಬಾದಿಗೆ 44, ಚೆನ್ನೈಗೆ 50. ಅಂಚು ಬಿಸಿಲಿಗೆ ತೆರೆದಿರುವುದರಿಂದ ಜೋಡಿ ಗಾಜಿನ ಅಂಚಿಗೂ ಸಿಲಿಕೋನೇ ಆಗಬೇಕು. ಅಗ್ಗದ ಪಾಲಿಸಲ್ಫೈಡ್ ಅಂಟು ಬಿಸಿಲಿಗೆ ಹಿಡಿತ ಬಿಡುತ್ತದೆ. ಮನೆಯ ಕಿಟಕಿಯಲ್ಲಿ ಅಂಚು ಚೌಕಟ್ಟಿನೊಳಗೆ ನೆರಳಲ್ಲಿರುತ್ತದೆ, ಪಾಲಿಸಲ್ಫೈಡ್ ಸಾಕಾಗುತ್ತದೆ. ಅಲ್ಲಿನ ಶತ್ರು ನೀರು. ಮಳೆ ನೀರು ಚೌಕಟ್ಟಿನ ತಳದಲ್ಲಿ ನಿಂತು ಅಂಚು ನೆನೆಯುತ್ತಲೇ ಇದ್ದರೆ ಅಂಟು ಹಾಳಾಗುತ್ತದೆ. ಹಾಗಾಗಿ ಮನೆಯವರು ಕೇಳಬೇಕಾದದ್ದು ಕಮರ್ಷಿಯಲ್ ಗ್ರೇಡ್ ಹೌದೇ ಎಂದಲ್ಲ, ಚೌಕಟ್ಟಿನ ಕೆಳಗೆ ನೀರು ಹರಿದುಹೋಗಲು ತೂತು ಇದೆಯೇ ಎಂದು.

ಅಪ್ಪ ಕೇಳಿದ್ದು ಇನ್ನೊಂದು. "ಅದನ್ನ ತಗಿಯೂದು ಎಷ್ಟು ಭಾರ ಐತಿ?" ಗಾಜಿನ ತೂಕದ ಲೆಕ್ಕ ಸುಲಭ: ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆ.ಜಿ. ಈಗಿರುವ 5 ಮಿಲಿಮೀಟರ್ ಗಾಜಿನ ಸ್ಲೈಡಿಂಗ್ ಕದ 11 ಕೆ.ಜಿ.ಯಷ್ಟು. ಬಂದವರು ಹೇಳಿದ 6 ಮಿಲಿಮೀಟರಿನ ಜೋಡಿ ಗಾಜಾದರೆ ಗಾಜೊಂದೇ 27 ಕೆ.ಜಿ., ಸೋನಾಮಸೂರಿಯ ಒಂದು ಚೀಲಕ್ಕಿಂತ ಹೆಚ್ಚು. ಹೊಸದರಲ್ಲಿ ಚಕ್ರದ ಮೇಲೆ ಬೆರಳಲ್ಲಿ ತಳ್ಳಿದರೂ ಸರಿಯುತ್ತದೆ. ಎರಡು ಬೇಸಿಗೆ ಧೂಳು ತಿಂದ ಮೇಲೆ ನೋಡಬೇಕು. ಎದೆ ಸೀಳಿ ಹೊಲಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಆಫೀಸಿನಲ್ಲಿ ಯಾರೂ ಗಾಜನ್ನು ಸರಿಸುವುದಿಲ್ಲ, ಅದರ ಭಾರ ಇಂಜಿನಿಯರನ ತಲೆನೋವು ಮಾತ್ರ.

ಸದ್ದಿನ ಬಗ್ಗೆ ಜನರಿಗೆ ಹೆಚ್ಚು ಭರವಸೆ ಕೊಡುವುದು, ಹೆಚ್ಚು ನಿರಾಸೆ ಆಗುವುದೂ ಇಲ್ಲೇ. ಒಂದೇ ದಪ್ಪದ ಎರಡು ಹಾಳೆ, ನಡುವೆ ಗಾಳಿ. ಇದು ಎರಡು ತೂಕಗಳ ನಡುವೆ ಒಂದು ಸ್ಪ್ರಿಂಗ್ ಇಟ್ಟ ಹಾಗೆ. ಒಂದು ಕಂಪನಕ್ಕೆ ಎರಡೂ ಸೇರಿ ಕುಣಿಯುತ್ತವೆ. 5 ಮಿಲಿಮೀಟರಿನ ಎರಡು ಹಾಳೆ, 12 ಮಿಲಿಮೀಟರ್ ಸಂದು ಹಿಡಿದು ಲೆಕ್ಕ ಹಾಕಿದರೆ ಆ ಕಂಪನ ಸೆಕೆಂಡಿಗೆ ಸುಮಾರು 220 ಸಲ ಬರುತ್ತದೆ. ಲಾರಿ ಬಸ್ಸುಗಳ ಗುಡುಗುಡು ಇರುವುದು ಅಲ್ಲೇ ಆಸುಪಾಸಿನಲ್ಲಿ. ಮಾತು, ಹಾರನ್ನು, ನಾಯಿ ಬೊಗಳುವುದು ಕಡಿಮೆಯಾದೀತು. ಲಾರಿಯ ಗುಡುಗು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಹಾಳೆಗಳ ದಪ್ಪ ಬೇರೆ ಬೇರೆ ಇಟ್ಟರೆ, ಒಂದನ್ನು ಲ್ಯಾಮಿನೇಟೆಡ್ ಮಾಡಿದರೆ, ಅಂದರೆ ಎರಡು ತೆಳು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಅಂಟಿಸಿದ್ದನ್ನು ಹಾಕಿದರೆ, ಅದೇ ಖರ್ಚಿನ ಆಸುಪಾಸಿನಲ್ಲಿ ಹೆಚ್ಚು ಗುಣ.

ಇದೆಲ್ಲಕ್ಕಿಂತ ಮುಖ್ಯ, ಸಂದು. ಕಿಟಕಿಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಗಾಜು ಎಂಥದೇ ಇರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಸ್ಲೈಡಿಂಗ್ ಕಿಟಕಿಯ ಅಂಚಿನಲ್ಲಿ ಇರುವುದು ಉಣ್ಣೆಯಂಥ ಬ್ರಷ್. ಅದರಲ್ಲಿ ಗಾಳಿ ನುಸುಳುತ್ತದೆ, ಸದ್ದೂ ನುಸುಳುತ್ತದೆ. ಬಾಗಿಲಿನಂತೆ ಮುಚ್ಚುವ ಕಿಟಕಿ ಸುತ್ತಲೂ ರಬ್ಬರಿಗೆ ಒತ್ತಿ ಕೂರುತ್ತದೆ. ನನ್ನ ಪ್ರಕಾರ ಸ್ಲೈಡಿಂಗ್ ಕಿಟಕಿಗೆ ಸದ್ದಿನ ಸಲುವಾಗಿ ಜೋಡಿ ಗಾಜು ಹಾಕಿಸುವುದು ತೂತಿನ ಕೊಡಕ್ಕೆ ಬಣ್ಣ ಹಚ್ಚಿದ ಹಾಗೆ. ಆಫೀಸಿನಲ್ಲಿ ಸದ್ದಿಲ್ಲದಿರುವುದಕ್ಕೆ ದೊಡ್ಡ ಕಾರಣ ಗಾಜು ಜೋಡಿ ಎಂಬುದಲ್ಲ, ಅದು ತೆರೆಯುವುದೇ ಇಲ್ಲ ಎಂಬುದು.

ಆ 'ತೆರೆಯುವುದೇ ಇಲ್ಲ' ಎಂಬುದರ ಬಗ್ಗೆ ನನಗೆ ಇನ್ನೊಂದು ಹೆದರಿಕೆಯೂ ಇದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. ಒಂಬತ್ತು ಜನ ತೀರಿಕೊಂಡರು. ಹೊಗೆ ತುಂಬಿ, ಗಾಜು ಒಡೆದು ಮೇಲಿನಿಂದ ಹಾರಿದವರೂ ಇದ್ದರು. ಐಟಿಯ ನನ್ನ ವಯಸ್ಸಿನವರಿಗೆ ಆ ದಿನದ ಟೀವಿ ಚಿತ್ರಗಳು ಮರೆತುಹೋಗಿರಲಾರವು. ಆಫೀಸುಗಳಲ್ಲಿ ಈಗ ಹೊಗೆ ಪತ್ತೆ ಹಚ್ಚುವ ಯಂತ್ರ, ನೀರು ಚಿಮ್ಮುವ ಕೊಳವೆ, ಎರಡು ಮೂರು ಮೆಟ್ಟಿಲು, ವರ್ಷಕ್ಕೆರಡು ಸಲ ನಮ್ಮನ್ನೆಲ್ಲ ಕೆಳಗಿಳಿಸುವ ಡ್ರಿಲ್ ಇವೆಲ್ಲ ಇರುತ್ತವೆ. ಗಾಜನ್ನು ಮುಚ್ಚಿಟ್ಟದ್ದಕ್ಕೆ ತೆರುವ ಬೆಲೆ ಅದು. ಮಲಗುವ ಕೋಣೆಯಲ್ಲಿ ಕಿಟಕಿ ಫಿಕ್ಸ್ ಮಾಡಿದರೆ ಅದರ ಬದಲಿಗೆ ನಾವೇನು ಇಡುತ್ತೇವೆ?

ಕನ್ನಡಿಯಂಥ ಗಾಜಿನ ಬಗ್ಗೆಯೂ ಒಂದು ಮಾತು. ಆಫೀಸಿಗೆ ಹಗಲು ಹೊರಗಿನಿಂದ ನೋಡಿದರೆ ಮೋಡ ಕಾಣುತ್ತದೆ, ಒಳಗಿನವರು ಕಾಣುವುದಿಲ್ಲ. ಯಾವ ಕಡೆ ಬೆಳಕು ಹೆಚ್ಚೋ ಆ ಕಡೆಯವರಿಗೆ ಕನ್ನಡಿ. ಸಂಜೆ ಏಳಕ್ಕೆ ಮನೆಯಲ್ಲಿ ದೀಪ ಹಾಕಿದರೆ ಅದು ತಿರುಗಿಬಿಡುತ್ತದೆ: ಒಳಗಿದ್ದವರಿಗೆ ತಮ್ಮದೇ ಮುಖ, ಎದುರು ಫ್ಲಾಟಿನವರಿಗೆ ನಮ್ಮ ಇಡೀ ಮನೆ. ಪರದೆ ಹೇಗೂ ಬೇಕು.

ಕಡೆಗೆ ನಾವು ಮಾಡಿಸಿದ್ದು ಒಂದೇ ಕಿಟಕಿ. ಉತ್ತರದ ಸ್ಲೈಡಿಂಗ್ ತೆಗೆಸಿ, ಒಳಕ್ಕೆ ತೆರೆಯುವ ಎರಡು ಕದದ ಕಿಟಕಿ ಹಾಕಿಸಿದೆವು. ಗಾಜು ಜೋಡಿಯೇ, ಆದರೆ ಒಂದು ಹಾಳೆ ಲ್ಯಾಮಿನೇಟೆಡ್, ಇನ್ನೊಂದು ಸಾದಾ 5 ಮಿಲಿಮೀಟರ್. ಬಿಸಿಲು ತಡೆಯುವ ಲೇಪ ಹಾಕಿಸಲಿಲ್ಲ. ಉತ್ತರಕ್ಕೆ ಅದು ದಂಡ. ತೂಕ ಇದ್ದರೂ ಕೀಲಿನ ಮೇಲೆ ಕೂತಿರುವುದರಿಂದ ಅಪ್ಪ ಹಿಡಿಕೆ ತಿರುಗಿಸಿ ಒಂದು ಕೈಯಲ್ಲಿ ತೆರೆಯುತ್ತಾರೆ. ಬಂದವರಿಗೆ ಸ್ವಲ್ಪ ಬೇಜಾರಾಯಿತು, ಎರಡು ಕಿಟಕಿಯ ಆರ್ಡರು ಒಂದಾಯಿತಲ್ಲ ಎಂದು. ಪಶ್ಚಿಮದ ಕಿಟಕಿ ಹಳೆಯದೇ ಉಳಿಯಿತು. ಅದರ ಹೊರಗೆ ಬಿದಿರಿನ ಚಿಕ್ ಪರದೆ. ಪರದೆ ಒಳಗಿದ್ದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ. ಹೊರಗಿದ್ದರೆ ಬಿಸಿಲು ಗಾಜಿಗೆ ಮುಟ್ಟುವ ಮೊದಲೇ ನಿಲ್ಲುತ್ತದೆ, ಕಿಟಕಿ ತೆರೆದಿದ್ದಾಗಲೂ ನಿಲ್ಲುತ್ತದೆ. ಲೇಪದ ಗಾಜಿಗೆ ಈ ಎರಡನೆಯದು ಸಾಧ್ಯವಿಲ್ಲ.

ರಾತ್ರಿ ಈಗ ಉತ್ತರದ್ದು ಮುಚ್ಚಿ, ಚಿಕ್ ಮೇಲಕ್ಕೆ ಸುತ್ತಿ ಪಶ್ಚಿಮದ್ದು ತೆರೆದು, ಕೋಣೆಯ ಬಾಗಿಲು ಓರೆ ಮಾಡುತ್ತೇವೆ. ಲಾರಿ ಪೂರ್ತಿ ನಿಂತಿಲ್ಲ. ದೊಡ್ಡ ಲೋಡಿನ ಗಾಡಿ ಹೋದರೆ ಎದೆಯಲ್ಲಿ ಗೊತ್ತಾಗುತ್ತದೆ ಎನ್ನುತ್ತಾರೆ ಅಪ್ಪ, ಆದರೆ ನಾಲ್ಕು ತಾಸು ಒಂದೇ ಸಮ ಮಲಗುತ್ತಾರೆ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಜೋಡಿ ಗಾಜಿನ ಬಗ್ಗೆ ತಕರಾರೇ ಇರಲಿಲ್ಲ. ಚಿಕ್ ಪರದೆ ಕಟ್ಟಡದ ಹೊರನೋಟ ಕೆಡಿಸುತ್ತದೆ ಎಂದು ಎರಡು ಮೀಟಿಂಗ್ ಆದವು. ಕಂದು ಬಣ್ಣದ್ದೇ ಆಗಬೇಕು, ಮಳೆಗಾಲಕ್ಕೆ ಬಿಚ್ಚಿಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಮೂರನೇ ಮಹಡಿಯವರು ಆಗಲೇ ಅಂಗಡಿಯ ವಿಳಾಸ ಕೇಳಿಕೊಂಡು ಹೋಗಿದ್ದಾರೆ.